ಔಷಧದ ಹೊಣೆ



ತಮ್ಮ ದುಡಿಮೆಯ ಒಂದಂಶವನ್ನು ವಿದ್ಯೆಗಾಗಿ ಮೀಸಲಿರಿಸಿ, ತಮ್ಮ ಕಾಲಾನಂತರದಲ್ಲಿಯೂ ವರ್ಷಕ್ಕೊಮ್ಮೆ ಹತ್ತು ಜನ ಒಂದೆಡೆ ಕುಳಿತು ಒಂದು ವಿಷಯವನ್ನು ಸಾವಧಾನವಾಗಿ ವಿಚಾರ ಮಾಡಲೆಂದು ಬಯಸಿದ ದಾನಿಗಳ ಔದಾರ್ಯವನ್ನು ಮೊದಲು ಸ್ಮರಿಸುತ್ತೇನೆ. ಈ ವರ್ಷದ ಉಪನ್ಯಾಸಕ್ಕಾಗಿ ನಾನು ಆರಿಸಿಕೊಂಡಿರುವುದು ಆಸ್ಪತ್ರೆಯ ಒಳಗೂ ಹೊರಗೂ ಔಷಧದ ಹೊಣೆಯನ್ನು ಹೊರತಕ್ಕ ಕ್ಲಿನಿಕಲ್ ಫಾರ್ಮಸಿಸ್ಟರ ಕಾರ್ಯ. ವೈದ್ಯರನ್ನೂ ದಾದಿಯರನ್ನೂ ಕುರಿತು ನಮ್ಮಲ್ಲಿ ಬೇಕಾದಷ್ಟು ಮಾತುಗಳು ಆಗಿವೆ. ಗಾಜಿನ ಬೀರುಗಳ ಹಿಂದೆ ನಿಂತು ಚೀಟಿಯನ್ನು ಓದಿ ಮಾತ್ರೆಗಳನ್ನು ಎಣಿಸಿಕೊಡುವವರ ವಿಚಾರವಾಗಿ ನಾವು ಆಡುವ ಮಾತು ಬಹುಮಟ್ಟಿಗೆ ಬೆಲೆಗೂ ಚಿಲ್ಲರೆಗೂ ಸಂಬಂಧಿಸಿದ್ದು.

1

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅದು ವಿಧಿಸಿದೆ. ಬಲ್ಲವನ ಕೈಯಲ್ಲಿ ಅಮೃತವಾಗುವ ಔಷಧ ಅರಿಯದವನ ಕೈಯಲ್ಲಿ ವಿಷವಾಗಬಲ್ಲುದೆಂಬ ಎಚ್ಚರಿಕೆಯೂ ಅದೇ ಗ್ರಂಥದಲ್ಲಿದೆ. ಈ ನಾಲ್ಕರಲ್ಲಿ ಮೂವರು ಮನುಷ್ಯರು, ತಮ್ಮ ಮಾತನ್ನು ತಾವೇ ಆಡಬಲ್ಲವರು, ದ್ರವ್ಯವೊಂದೇ ಮೂಕವಾದುದು. ಗಿಡಮೂಲಿಕೆಯನ್ನು ಗುರುತಿಸಿ, ಕಿತ್ತು, ಒಣಗಿಸಿ, ಕುಟ್ಟಿ, ಕಷಾಯವನ್ನೋ ಲೇಹ್ಯವನ್ನೋ ತಾನೇ ಮಾಡಿಕೊಡುತ್ತಿದ್ದ ವೈದ್ಯನ ಕಾಲದಲ್ಲಿ ಇದರಿಂದ ಬಾಧಕವೇನೂ ಇರಲಿಲ್ಲ, ಏಕೆಂದರೆ ಎರಡನೆಯ ಪಾದದ ಪರವಾಗಿ ಉತ್ತರ ಹೇಳುವುದಕ್ಕೆ ಮೊದಲನೆಯ ಪಾದವೇ ಇತ್ತು.

ಪಾಶ್ಚಾತ್ಯ ದೇಶಗಳಲ್ಲಿ ವೈದ್ಯವೃತ್ತಿಯೂ ಔಷಧವೃತ್ತಿಯೂ ಬೇರೆಯಾದದ್ದು ಬಹು ಹಿಂದೆ. ಸಿಸಿಲಿಯನ್ನು ಆಳುತ್ತಿದ್ದ ಎರಡನೆಯ ಫ್ರೆಡರಿಕ್ ಚಕ್ರವರ್ತಿ 13ನೆಯ ಶತಮಾನದಲ್ಲಿ ಹೊರಡಿಸಿದ ಶಾಸನ ಇವೆರಡನ್ನೂ ಪ್ರತ್ಯೇಕಿಸಿ, ಔಷಧ ಮಾಡುವವರೊಡನೆ ವೈದ್ಯರು ವ್ಯಾಪಾರಸಂಬಂಧವನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಬರೆಯುವವರ ಲಾಭ ಮಾರುವವರ ಲಾಭದೊಡನೆ ಬೆರೆಯಬಾರದೆಂಬ ಈ ವಿವೇಕ ಇಂದಿಗೂ ಮಾನ್ಯವೇ. ಆದರೆ ಒಂದು ಕೆಲಸವನ್ನು ಇಬ್ಬರಿಗೆ ಹಂಚಿದಾಗ ಇಬ್ಬರ ನಡುವೆ ಬಿದ್ದುಹೋಗುವ ಹೊಣೆಯೂ ಒಂದುಂಟು. ಚೀಟಿ ಬರೆದಲ್ಲಿಗೆ ವೈದ್ಯರ ಕೆಲಸ ಮುಗಿಯಿತು, ಮಾತ್ರೆ ಕೊಟ್ಟಲ್ಲಿಗೆ ಅಂಗಡಿಯವರ ಕೆಲಸ ಮುಗಿಯಿತು. ಆ ಮಾತ್ರೆ ದೇಹದೊಳಗೆ ಹೋಗಿ ಏನು ಮಾಡಿತೆಂಬುದನ್ನು ವಿಚಾರಿಸಬೇಕಾದವರು ಯಾರು?

ಒಂದು ನಿದರ್ಶನವನ್ನು ಊಹಿಸಿಕೊಳ್ಳೋಣ. ಅರುವತ್ತೈದು ದಾಟಿದ ಗೃಹಸ್ಥರೊಬ್ಬರಿಗೆ ರಕ್ತದೊತ್ತಡಕ್ಕೆಂದು ಟೆಲ್ಮಿಸಾರ್ಟನ್ ಮಾತ್ರೆಯನ್ನು ಒಬ್ಬ ವೈದ್ಯರು ಬರೆದಿರುತ್ತಾರೆ. ಕಾಲಿನ ಊತಕ್ಕೆಂದು, ಮೂತ್ರವನ್ನು ಹೆಚ್ಚಿಸುವ ಇನ್ನೊಂದು ಮಾತ್ರೆಯನ್ನು ಮತ್ತೊಬ್ಬರು ಸೇರಿಸಿರುತ್ತಾರೆ. ಮಂಡಿನೋವು ತಡೆಯಲಾರದೆ ಅವರು ಮೂರನೆಯವರಲ್ಲಿಗೆ ಹೋದಾಗ ಡೈಕ್ಲೋಫೆನಾಕ್ ದೊರೆಯುತ್ತದೆ. ಈ ಮೂರು ಚೀಟಿಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಆದರೆ ಮೂತ್ರಪಿಂಡಕ್ಕೆ ರಕ್ತ ಹರಿಯುವ ಮಾರ್ಗದಲ್ಲಿ ಒಂದೊಂದು ಔಷಧವೂ ಒಂದೊಂದು ಕಡೆಯಿಂದ ಒತ್ತಡವನ್ನು ತಗ್ಗಿಸುವುದರಿಂದ, ಮೂರೂ ಕೂಡಿದಾಗ, ಅದರಲ್ಲಿಯೂ ವಾಂತಿಭೇದಿಯಿಂದ ದೇಹ ಒಣಗಿರುವಾಗ, ಆ ಅಂಗ ಕೆಲವೇ ದಿನಗಳಲ್ಲಿ ಸೋತುಹೋಗಬಹುದು. ಮೂರು ಚೀಟಿಗಳನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ಓದುವ ಒಬ್ಬರು ಇದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಆ ಒಬ್ಬರ ಅವಶ್ಯಕತೆಯನ್ನು ಸ್ಥಾಪಿಸುವುದಷ್ಟೇ ಇಂದಿನ ನನ್ನ ಉದ್ದೇಶ.

2

ನಮ್ಮ ದೇಶದಲ್ಲಿ ಈ ವೃತ್ತಿ ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ನೋಡಬೇಕು. ಕಳೆದ ಶತಮಾನದ ಮೊದಲ ಭಾಗದಲ್ಲಿ, ಕಾಂಪೌಂಡರೆಂದರೆ ವೈದ್ಯರ ಪಕ್ಕದ ಕೋಣೆಯಲ್ಲಿ ಕುಳಿತು, ದೊಡ್ಡ ಸೀಸೆಗಳಿಂದ ಅಳೆದು ಮಿಕ್ಸ್ಚರ್ ಬೆರೆಸಿ, ರೋಗಿ ತಂದ ಬಾಟಲಿಗೆ ತುಂಬಿ, ಹೊತ್ತಿನ ಅಳತೆಗೆ ಕಾಗದದ ಪಟ್ಟಿಯನ್ನು ಕತ್ತರಿಸಿ ಅಂಟಿಸಿಕೊಡುವವರು. ಅವರಲ್ಲಿ ಅನೇಕರಿಗೆ ಕ್ರಮವಾದ ಶಿಕ್ಷಣವಿರಲಿಲ್ಲ. ಬಳಕೆಯ ಬಲದಿಂದ ಕಲಿತವರೇ ಹೆಚ್ಚು. ಕಳಪೆ ಔಷಧಗಳ ಹಾವಳಿಯನ್ನು ವಿಚಾರಿಸುವುದಕ್ಕಾಗಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ 1930ರಲ್ಲಿ ನೇಮಕವಾದ ಸಮಿತಿ ಔಷಧಗಳ ನಿಯಂತ್ರಣವನ್ನೂ ಔಷಧ ನೀಡುವವರ ಶಿಕ್ಷಣವನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿ ಕಂಡಿತು. ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ಬೋಧನೆಗೆ ತಳಹದಿ ಹಾಕಿದರು. 1940ರ ಔಷಧ ಕಾನೂನು ಪದಾರ್ಥದ ಗುಣವನ್ನು ಕಾಯುವುದಕ್ಕೂ, 1948ರ ಫಾರ್ಮಸಿ ಕಾನೂನು ಅದನ್ನು ಕೊಡುವವರ ಯೋಗ್ಯತೆಯನ್ನು ಕಾಯುವುದಕ್ಕೂ ಬಂದುವು. ವೈದ್ಯರ ಚೀಟಿಗೆ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರಲ್ಲದೆ ಬೇರೆಯವರು ಕೊಡಕೂಡದೆಂಬುದು ಈ ಎರಡನೆಯ ಕಾನೂನಿನ ವಿಧಿ. ಅದು ನಮ್ಮ ಬೀದಿಗಳಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆಯೆಂಬುದನ್ನು ಸಭಿಕರಿಗೆ ನಾನು ಹೇಳಬೇಕಾದದ್ದಿಲ್ಲ.

ಇದೇ ಅವಧಿಯಲ್ಲಿ ಇನ್ನೊಂದು ಪರಿವರ್ತನೆ ಸದ್ದಿಲ್ಲದೆ ನಡೆಯಿತು. ಬೆರೆಸುವ ಕೆಲಸವನ್ನೆಲ್ಲ ಕಾರ್ಖಾನೆಗಳು ಕೈಗೆತ್ತಿಕೊಂಡುವು. ಮಾತ್ರೆಗಳು ಪಟ್ಟಿಪಟ್ಟಿಯಾಗಿ ಬಂದುವು. ಖಲ್ವವೂ ಅಳತೆಯ ಪಾತ್ರೆಯೂ ಮೂಲೆ ಸೇರಿದುವು. ಕೈಯ ಕುಶಲತೆಗೆ ಕೆಲಸ ತಪ್ಪಿದ ಫಾರ್ಮಸಿಸ್ಟರು ಕೇವಲ ಮಾರಾಟಗಾರರಾಗಿ ಉಳಿಯಬೇಕೇ ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಎದ್ದಿತು. ಅದಕ್ಕೆ ಗಮನಾರ್ಹವಾದ ಒಂದು ಉತ್ತರ 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ದೊರೆಯಿತು. ಅಲ್ಲಿನ ಒಂಬತ್ತನೆಯ ಅಂತಸ್ತಿನ ವಾರ್ಡುಗಳಲ್ಲಿಯೇ ಫಾರ್ಮಸಿಸ್ಟರನ್ನು ಹಗಲಿರುಳೂ ಇರಿಸಿ, ವೈದ್ಯರ ಸಂಗಡ ರೋಗಿಯ ಬಳಿಗೆ ಹೋಗಿ ಔಷಧದ ಆಯ್ಕೆಯನ್ನೂ ಪರಿಣಾಮವನ್ನೂ ಗಮನಿಸುವ ಕೆಲಸವನ್ನು ಅವರಿಗೆ ವಹಿಸಲಾಯಿತು. 1990ರಲ್ಲಿ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಎಂಬ ಇಬ್ಬರು ವಿದ್ವಾಂಸರು ಈ ಪ್ರಯೋಗದ ಹಿಂದಿನ ತತ್ತ್ವವನ್ನು ಸ್ಪಷ್ಟಪಡಿಸಿದರು. ಔಷಧದಿಂದ ರೋಗಿಯ ಬಾಳಿನಲ್ಲಿ ಉಂಟಾಗಬೇಕಾದ ಒಳಿತಿಗೆ ಫಾರ್ಮಸಿಸ್ಟರು ಹೊಣೆಯಾಗಬೇಕು, ಕೊಟ್ಟ ಪೊಟ್ಟಣಕ್ಕೆ ಮಾತ್ರವಲ್ಲ ಎಂಬುದು ಅವರ ವಾದದ ಸಾರ.

ಈ ವಿಚಾರ ನಮ್ಮ ನಾಡಿಗೆ ಬರುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲವೆಂಬುದು ಸಂತೋಷದ ಸಂಗತಿ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನಲ್ಲಿ 1996ರಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ಮೊದಲಾಯಿತು. ಅನತಿಕಾಲದಲ್ಲಿಯೇ ಊಟಿಯ ಸೋದರ ಸಂಸ್ಥೆಯಲ್ಲಿಯೂ ಅದು ಮುಂದುವರಿಯಿತು. ಆಸ್ಟ್ರೇಲಿಯದ ಅನುಭವಿಗಳ ನೆರವಿನಿಂದ, ಔಷಧಶಾಸ್ತ್ರವನ್ನು ಪ್ರಯೋಗಶಾಲೆಯಿಂದ ಹಾಸಿಗೆಯ ಪಕ್ಕಕ್ಕೆ ಕೊಂಡೊಯ್ದ ಆ ಪ್ರಯತ್ನದ ಫಲವಾಗಿ ಪಾರ್ಥಸಾರಥಿ, ಕರಿನ್ ನೈಫೋರ್ಟ್-ಹ್ಯಾನ್ಸನ್ ಮತ್ತು ಮಿಲಾಪ್ ನಹತಾ ಅವರು ಸಂಪಾದಿಸಿದ ಪಠ್ಯಗ್ರಂಥ 2004ರಲ್ಲಿ ಹೊರಬಂದು ದೇಶದ ವಿದ್ಯಾರ್ಥಿಗಳ ಕೈಸೇರಿತು. 2008ರಲ್ಲಿ ಫಾರ್ಮ್.ಡಿ. ಎಂಬ ಆರು ವರ್ಷಗಳ ಪದವಿ ರೂಢಿಗೆ ಬಂತು. ಅದರ ಕೊನೆಯ ವರ್ಷವೆಲ್ಲ ಆಸ್ಪತ್ರೆಯ ವಾರ್ಡುಗಳಲ್ಲಿಯೇ ಕಳೆಯತಕ್ಕದ್ದು.

3

ಹಾಗಾದರೆ ವಾರ್ಡಿನಲ್ಲಿ ಇವರು ಮಾಡುವುದೇನು? ರೋಗಿ ಆಸ್ಪತ್ರೆಗೆ ಸೇರಿದ ದಿನವೇ ಅವನು ಮನೆಯಲ್ಲಿ ಸೇವಿಸುತ್ತಿದ್ದ ಔಷಧಗಳೆಲ್ಲವನ್ನೂ ಕೇಳಿ ಪಟ್ಟಿಮಾಡುವುದು ಮೊದಲನೆಯದು. ಕೇಳಿದೊಡನೆ ಹೇಳುವವರು ಕಡಮೆ. ಕಷಾಯವನ್ನೂ, ನೆರೆಮನೆಯವರು ಕೊಟ್ಟ ನೋವಿನ ಮಾತ್ರೆಯನ್ನೂ, ಊರಿನ ಅಂಗಡಿಯಿಂದ ಚೀಟಿಯಿಲ್ಲದೆ ತಂದುದನ್ನೂ ಔಷಧವೆಂದು ಅನೇಕರು ಎಣಿಸುವುದೇ ಇಲ್ಲ. ಆಮೇಲೆ, ಬರೆದ ಪ್ರತಿಯೊಂದು ಔಷಧದ ಪ್ರಮಾಣವೂ ಆ ರೋಗಿಯ ವಯಸ್ಸು, ತೂಕ, ಮೂತ್ರಪಿಂಡ ಮತ್ತು ಯಕೃತ್ತುಗಳ ಸ್ಥಿತಿಗೆ ಒಪ್ಪುತ್ತದೆಯೇ ಎಂಬ ಪರಿಶೀಲನೆ. ಸಕ್ಕರೆ ಕಾಯಿಲೆಯವರಿಗೆ ನಿತ್ಯದ ಒಡನಾಡಿಯಾದ ಮೆಟ್‌ಫಾರ್ಮಿನ್ ಕೂಡ ಮೂತ್ರಪಿಂಡ ತೀರ ದುರ್ಬಲವಾದಾಗ ನಿಲ್ಲಿಸಬೇಕಾದ ಔಷಧ. ಹೃದಯದ ಕವಾಟ ಬದಲಾಯಿಸಿಕೊಂಡವರು ನುಂಗುವ ವಾರ್ಫರಿನ್ನಂತೂ ಹಗ್ಗದ ಮೇಲಿನ ನಡಿಗೆ: ರಕ್ತ ಹೆಪ್ಪುಗಟ್ಟುವ ಪ್ರಮಾಣವನ್ನು ಮತ್ತೆ ಮತ್ತೆ ಅಳೆಯುತ್ತಿರಬೇಕು, ಭೇದಿಗೆಂದು ಮೆಟ್ರೊನಿಡಜೋಲ್ ಸೇರಿದರೆ ರಕ್ತಸ್ರಾವದ ಭಯ, ಕ್ಷಯಕ್ಕೆಂದು ರಿಫಾಂಪಿಸಿನ್ ಸೇರಿದರೆ ವಾರ್ಫರಿನ್ ನಿಷ್ಫಲವಾಗುವ ಭಯ, ಸೊಪ್ಪಿನ ಸಾರು ಪಲ್ಯಗಳನ್ನು ಒಂದು ವಾರ ಯಥೇಚ್ಛವಾಗಿ ಉಂಡು ಮರುವಾರ ಬಿಟ್ಟರೂ ಲೆಕ್ಕ ತಪ್ಪುತ್ತದೆ.

ಮೂರನೆಯದೂ, ನನ್ನ ಮತದಲ್ಲಿ ಅತ್ಯಂತ ಮುಖ್ಯವಾದುದೂ, ಮನೆಗೆ ಹೊರಟ ರೋಗಿಗೆ ಮಾಡುವ ತಿಳಿವಳಿಕೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕ ಔಷಧ. ದಿನವೂ ನುಂಗಬೇಕೆಂದು ತಿಳಿದವರಿಗೆ ಬಾಯೆಲ್ಲ ಹುಣ್ಣಾಗಿ, ಅಸ್ಥಿಮಜ್ಜೆ ಸೊರಗಿ, ಪ್ರಾಣಕ್ಕೇ ಸಂಚಕಾರ ಬಂದ ಪ್ರಸಂಗಗಳು ಲೋಕದ ಎಲ್ಲ ಭಾಗಗಳಲ್ಲಿಯೂ ದಾಖಲಾಗಿವೆ. ಲಕೋಟೆಯ ಮೇಲೆ ‘ಪ್ರತಿ ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದು ಓದಿಸುವುದಕ್ಕೆ ಒಂದು ನಿಮಿಷ ಸಾಕು. ಇನ್ಸುಲಿನ್ನಿನ ವಿಷಯ ಇನ್ನೂ ಸೂಕ್ಷ್ಮವಾದುದು. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ಎರಡೂ ಚಲಾವಣೆಯಲ್ಲಿವೆ; ಸಿರಿಂಜುಗಳೂ ಬೇರೆ ಬೇರೆ, 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡವರ ದೇಹಕ್ಕೆ ಹೋಗುವುದು 20 ಯೂನಿಟ್ಟಲ್ಲ, 50. ರಾತ್ರಿ ಮಲಗಿದವರು ಬೆಳಗ್ಗೆ ಎಚ್ಚರಗೊಳ್ಳದಿರುವುದಕ್ಕೆ ಅಷ್ಟು ಸಾಕು. ಈ ಲೆಕ್ಕವನ್ನು ಹಳ್ಳಿಯ ಗೃಹಿಣಿಯೊಬ್ಬಳಿಗೆ ಮನದಟ್ಟಾಗುವಂತೆ ಹೇಳಿ, ಅವಳ ಕೈಯಿಂದಲೇ ಒಮ್ಮೆ ಎಳೆಯಿಸಿ ನೋಡುವವರಿಗೆ ವಿದ್ಯೆಯೂ ಬೇಕು, ತಾಳ್ಮೆಯೂ ಬೇಕು, ಕುಳಿತುಕೊಳ್ಳುವುದಕ್ಕೆ ಒಂದು ಜಾಗವೂ ಬೇಕು.

ಇದರಿಂದ ನಿಜವಾಗಿ ಪ್ರಯೋಜನವುಂಟೇ ಎಂದು ಕೇಳುವವರಿಗೆ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವನ್ನು ತೋರಿಸಬಹುದು. ವೈದ್ಯರ ರೌಂಡ್ಸಿನಲ್ಲಿ ಅನುಭವಿ ಫಾರ್ಮಸಿಸ್ಟರೊಬ್ಬರು ಭಾಗವಹಿಸತೊಡಗಿದ ಮೇಲೆ, ಔಷಧ ಬರೆಯುವ ಹಂತದಲ್ಲಿ ತಪ್ಪಿಸಬಹುದಾಗಿದ್ದ ಹಾನಿಗಳು ಸಾವಿರ ರೋಗಿ-ದಿನಗಳಿಗೆ 10.4ರಿಂದ 3.5ಕ್ಕೆ ಇಳಿದುವು. ಅವರು ಮಾಡಿದ 366 ಸೂಚನೆಗಳ ಪೈಕಿ 362ನ್ನು ವೈದ್ಯರು ಅಂಗೀಕರಿಸಿದರು. ಇವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಎರಡನೆಯ ಸಂಗತಿ. ಫಾರ್ಮಸಿಸ್ಟರು ಬಾಯಿ ತೆರೆದರೆ ವೈದ್ಯರ ಅಧಿಕಾರಕ್ಕೆ ಕುಂದು ಬರುವುದೆಂಬ ಶಂಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ, ಪ್ರಮಾಣಸಹಿತವಾಗಿ, ಸಕಾಲದಲ್ಲಿ ಹೇಳಿದ ಮಾತನ್ನು ವಿವೇಕಿಗಳಾದ ವೈದ್ಯರು ತಿರಸ್ಕರಿಸುವುದಿಲ್ಲ. ಮರುದಿನ ಕಾಗದದಲ್ಲಿ ಬಂದ ಆಕ್ಷೇಪಣೆಯನ್ನು ಯಾರು ತಾನೆ ಆದರಿಸುವರು?

4

ಇಲ್ಲಿಯವರೆಗೆ ಒಬ್ಬ ರೋಗಿಯ ವಿಚಾರವನ್ನು ಹೇಳಿದೆ. ಸಮಾಜದ ಆರೋಗ್ಯವೆಂದರೆ ಇಂಥ ಲಕ್ಷಾಂತರ ಜನರ ಔಷಧಸೇವನೆಯ ಒಟ್ಟು ಫಲವೂ ಆಗಿರುವುದರಿಂದ, ಇದೇ ಹೊಣೆ ಆಸ್ಪತ್ರೆಯ ಗೋಡೆಗಳಾಚೆಗೂ ಸಾಗುತ್ತದೆ.

ಕ್ಷಯರೋಗವನ್ನು ತೆಗೆದುಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನಡೆಯಬೇಕಾದ ಆ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಸೇವಿಸಿದವರ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ. ಅದನ್ನು ರಕ್ತವೆಂದು ಬಗೆದು ಭಯಗೊಂಡು ಮಾತ್ರೆಯನ್ನು ಬಿಟ್ಟವರಿಂದ ರೋಗ ಇತರರಿಗೆ ಹರಡುತ್ತದೆ. ಅರೆಬರೆ ಚಿಕಿತ್ಸೆಯಿಂದ ಔಷಧಕ್ಕೆ ಬಗ್ಗದ ರೋಗಾಣುವೂ ಹುಟ್ಟುತ್ತದೆ. ಮೊದಲ ದಿನವೇ ಹೇಳಬೇಕಾದ ಒಂದು ವಾಕ್ಯವನ್ನು ಹೇಳದಿದ್ದುದರ ಬೆಲೆಯನ್ನು ಒಂದು ಕೇರಿಯೇ ತೆರಬೇಕಾಗುತ್ತದೆ. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ತಮ್ಮ 1945ರ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದ ಪ್ರಮಾಣದಲ್ಲಿ ಸೇವಿಸಿದರೆ ಸೂಕ್ಷ್ಮಜೀವಿಗಳು ಆ ಔಷಧವನ್ನು ಎದುರಿಸುವ ಶಕ್ತಿಯನ್ನು ಗಳಿಸಿಕೊಳ್ಳುವುವೆಂದು ಎಚ್ಚರಿಸಿದ್ದರು. ನೆಗಡಿಗೂ ಸಾಮಾನ್ಯ ಜ್ವರಕ್ಕೂ ಎರಡು ದಿನದ ಆಂಟಿಬಯಾಟಿಕ್ ಕೇಳಿ ಕೊಳ್ಳುವ ನಮ್ಮ ಅಭ್ಯಾಸ ಆ ಎಚ್ಚರಿಕೆಗೆ ಕಿವುಡಾಗಿದೆ. ಇದನ್ನು ತಡೆಯುವುದಕ್ಕಾಗಿಯೇ ಸರ್ಕಾರವು ಎಚ್-1 ಎಂಬ ಅನುಸೂಚಿಯನ್ನು 2013ರಲ್ಲಿ ಪ್ರಕಟಿಸಿ, 2014ರ ಮಾರ್ಚಿನಿಂದ ಜಾರಿಗೆ ತಂದಿತು. ಅದರ ಪ್ರಕಾರ ಬಲವಾದ ಆಂಟಿಬಯಾಟಿಕ್‌ಗಳನ್ನೂ ಕ್ಷಯದ ಔಷಧಗಳನ್ನೂ ಮಾರುವಾಗ ಬರೆದ ವೈದ್ಯರ ಹಾಗೂ ರೋಗಿಯ ವಿವರಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ನಮೂದಿಸಿ ಮೂರು ವರ್ಷ ಕಾಪಾಡಬೇಕು. ಆ ಪುಸ್ತಕ ತನಿಖಾಧಿಕಾರಿ ಬಂದ ದಿನ ತುಂಬಿಸುವ ಕಡತವಾಗುವುದೋ, ಊರಿನ ಆರೋಗ್ಯದ ಕಾವಲಾಗುವುದೋ ಎಂಬುದು ಅಂಗಡಿಯಲ್ಲಿ ನಿಂತವರ ಶಿಕ್ಷಣವನ್ನೂ ಆತ್ಮಗೌರವವನ್ನೂ ಅವಲಂಬಿಸಿದೆ.

ದೀರ್ಘಕಾಲದ ರೋಗಗಳಲ್ಲಿಯೂ ಹೀಗೆಯೇ. ರಕ್ತದೊತ್ತಡದವರು ವೈದ್ಯರನ್ನು ವರ್ಷಕ್ಕೆ ಎರಡು ಮೂರು ಬಾರಿ ಕಂಡರೆ ಹೆಚ್ಚು; ಮಾತ್ರೆಗಾಗಿ ಔಷಧದಂಗಡಿಗೋ ಪ್ರಾಥಮಿಕ ಆರೋಗ್ಯಕೇಂದ್ರದ ಕಿಟಕಿಗೋ ತಿಂಗಳು ತಿಂಗಳೂ ಬರುತ್ತಾರೆ. ಕಳೆದ ತಿಂಗಳು ಬಾರದವರು ಯಾರೆಂಬುದನ್ನು ಮೊದಲು ಅರಿಯಬಲ್ಲವರು ಫಾರ್ಮಸಿಸ್ಟರೇ. ಲಾಸ್ ಏಂಜಲೀಸ್ ನಗರದಲ್ಲಿ ಕಪ್ಪು ಜನಾಂಗದ 319 ಮಂದಿ ಪುರುಷರನ್ನು ಕುರಿತು ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಬಂಧದಲ್ಲಿ ಉಲ್ಲೇಖನೀಯವಾದುದು. ಆ ಜನ ವೈದ್ಯಶಾಲೆಗೆ ಹೋಗಲು ಹಿಂಜರಿಯುತ್ತಿದ್ದರು, ಆದರೆ ನಂಬಿಕೆಯ ಕ್ಷೌರಿಕರ ಅಂಗಡಿಗೆ ತಪ್ಪದೆ ಹೋಗುತ್ತಿದ್ದರು. ಆದುದರಿಂದ ಫಾರ್ಮಸಿಸ್ಟರೇ ಅಲ್ಲಿಗೆ ಹೋಗಿ, ವೈದ್ಯರೊಡನೆ ಮಾಡಿಕೊಂಡ ಒಪ್ಪಂದದಂತೆ ಔಷಧವನ್ನು ಹೊಂದಿಸಿದರು. ಆರು ತಿಂಗಳಲ್ಲಿ ಈ ನೆರವು ಪಡೆದವರ ಸಿಸ್ಟಾಲಿಕ್ ಒತ್ತಡ ಸರಾಸರಿ 27 ಅಂಶಗಳಷ್ಟು ಇಳಿಯಿತು. ಕ್ಷೌರಿಕರ ಬುದ್ಧಿವಾದ ಮಾತ್ರ ದೊರೆತವರಲ್ಲಿ ಇಳಿದದ್ದು 9.3. ನಮ್ಮ ಕಾನೂನು ಫಾರ್ಮಸಿಸ್ಟರಿಗೆ ಔಷಧ ಬರೆಯುವ ಅಧಿಕಾರವನ್ನು ಕೊಟ್ಟಿಲ್ಲ, ಅದನ್ನು ನಾನು ಕೇಳುವುದೂ ಇಲ್ಲ. ಅಳೆಯುವುದು, ವಿಚಾರಿಸುವುದು, ನೆನಪಿಸುವುದು, ತಕ್ಕ ಕಾಲದಲ್ಲಿ ವೈದ್ಯರಲ್ಲಿಗೆ ಕಳುಹಿಸುವುದು, ಇಷ್ಟಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ.

ಔಷಧದ ಅನಿಷ್ಟಗಳ ಸುದ್ದಿಯನ್ನು ಸಂಗ್ರಹಿಸುವುದು ಇದೇ ಹೊಣೆಯ ಇನ್ನೊಂದು ಭಾಗ. ಗರ್ಭಿಣಿಯರು ಸೇವಿಸಿದ ಥಾಲಿಡೊಮೈಡ್ ಮಾತ್ರೆಯಿಂದ ಸಹಸ್ರಾರು ಶಿಶುಗಳು ಅಂಗವೈಕಲ್ಯದೊಡನೆ ಜನಿಸಿದ ದುರಂತ 1961ರಲ್ಲಿ ಬಯಲಾದ ಬಳಿಕ, ಮಾರುಕಟ್ಟೆಗೆ ಬಂದ ಔಷಧದ ಮೇಲೆಯೂ ಕಣ್ಣಿಟ್ಟಿರಬೇಕೆಂದು ಲೋಕ ಕಲಿಯಿತು. ನಮ್ಮಲ್ಲಿಯೇ 1986ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವಿಷಮಿಶ್ರಿತ ಗ್ಲಿಸರಾಲಿನಿಂದ 14 ಮಂದಿ ಮಡಿದಾಗ, ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಆ ಪ್ರಕರಣವನ್ನು ವಿಚಾರಿಸಿತು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ಈಗ ಗಾಜಿಯಾಬಾದಿನ ಕೇಂದ್ರದಿಂದ ಮಾರ್ಗದರ್ಶನ ನಡೆಯುತ್ತಿದೆ. 1800-180-3024 ಎಂಬ ಉಚಿತ ದೂರವಾಣಿಗೆ ರೋಗಿಗಳೂ ತಮ್ಮ ಅನುಭವವನ್ನು ತಿಳಿಸಬಹುದು. ಮಾತ್ರೆ ನುಂಗಿದ ಮೇಲೆ ಮೈಮೇಲೆ ಗಂಧೆ ಎದ್ದಿತೆಂದು ಜನ ಮೊದಲು ಹೇಳಿಕೊಳ್ಳುವುದು ಮಾತ್ರೆ ಕೊಟ್ಟವರಲ್ಲಿ. ಅದನ್ನು ಅವರು ಬರೆದು ಕಳುಹಿಸಿದರೆ ವಿಜ್ಞಾನ, ಕೈಬೀಸಿ ಕಳುಹಿಸಿದರೆ ಬರಿಯ ಗೊಣಗು.

5

ಇಷ್ಟೆಲ್ಲ ಕೆಲಸ ಕಾದಿರುವಾಗ, ಆರು ವರ್ಷ ಓದಿ ಬಂದ ನಮ್ಮ ತರುಣ ತರುಣಿಯರು ಎಲ್ಲಿದ್ದಾರೆ? ಅನೇಕರು ವಿದೇಶಗಳಿಗೆ ಹೊರಟುಹೋಗಿದ್ದಾರೆ. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಹೊರದೇಶದ ಔಷಧ ಕಂಪನಿಗಳಿಗೆ ಬಂದ ದೂರುಗಳನ್ನು ಗಣಕಯಂತ್ರಕ್ಕೆ ತುಂಬುತ್ತಿರುವವರೂ ಅನೇಕರು. ಅದೂ ಉಪಯುಕ್ತವಾದ ಕೆಲಸವೇ. ಆದರೆ ಇಲ್ಲಿ ತರಬೇತಿ ಪಡೆದವರು ಇಲ್ಲಿನ ವಾರ್ಡುಗಳಲ್ಲಿ ಕಾಣದಿರುವುದಕ್ಕೆ ಕಾರಣ ಅವರ ಆಲಸ್ಯವಲ್ಲ, ನಾವು ಅವರಿಗೆ ಸ್ಥಾನ ಕಲ್ಪಿಸದಿರುವುದು. ಖರ್ಚಿನ ಮಾತು ಬಂದಾಗ ಒಂದು ಸಂಗತಿಯನ್ನು ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ಔಷಧದಿಂದಾಗುವ ತಪ್ಪಿಸಬಹುದಾದ ಘೋರ ಹಾನಿಯನ್ನು ಅರ್ಧಕ್ಕೆ ಇಳಿಸಬೇಕೆಂದು ಕರೆಕೊಟ್ಟಾಗ, ಔಷಧದೋಷಗಳಿಂದ ಜಗತ್ತಿಗೆ ಆಗುವ ನಷ್ಟವನ್ನು ವರ್ಷಕ್ಕೆ 42 ಶತಕೋಟಿ ಡಾಲರೆಂದು ಅಂದಾಜು ಮಾಡಿತು. ಫಾರ್ಮಸಿಸ್ಟರ ಸಂಬಳವನ್ನು ಉಳಿಸಿದೆವೆಂದು ಭಾವಿಸುವವರು, ಅದನ್ನು ಇನ್ನೊಂದು ಖಾತೆಯಲ್ಲಿ, ಬಡ್ಡಿಸಹಿತವಾಗಿ ತೆರುತ್ತಿದ್ದಾರೆ.

ನನ್ನ ಸೂಚನೆಗಳು ದೊಡ್ಡವಲ್ಲ. ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ, ಉಗ್ರಾಣದ ಲೆಕ್ಕ ಬರೆಯುವವರಲ್ಲದೆ, ವಾರ್ಡಿನ ಹೊಣೆಗೆಂದೇ ಕ್ಲಿನಿಕಲ್ ಫಾರ್ಮಸಿಸ್ಟರ ಹುದ್ದೆಗಳಿರಲಿ. ಔಷಧ ಕೊಡುವ ಕಿಟಕಿಯ ಪಕ್ಕದಲ್ಲಿ, ರೋಗಿ ಕುಳಿತು ನಾಲ್ಕು ಮಾತು ಕೇಳುವುದಕ್ಕೆ ಒಂದು ಚಿಕ್ಕ ಕೋಣೆ ಇರಲಿ. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ತಿಳಿವಳಿಕೆ ಹೇಳುವುದನ್ನು ಕರ್ತವ್ಯವೆಂದು ಎಣಿಸಿರುವಾಗ, ನಿಂತ ಸಾಲಿನಲ್ಲಿ ತಳ್ಳಿಸಿಕೊಳ್ಳುತ್ತ ಅದನ್ನು ಪಾಲಿಸುವುದು ಅಸಾಧ್ಯ. ಲಕೋಟೆಯ ಮೇಲಿನ ಸೂಚನೆ ಕನ್ನಡದಲ್ಲಿರಲಿ, ಓದಲಾರದವರಿಗೆ ಸೂರ್ಯಚಂದ್ರರ ಚಿತ್ರದಲ್ಲಿರಲಿ. ವೈದ್ಯಕೀಯ ವಿದ್ಯಾರ್ಥಿಗಳೂ ಫಾರ್ಮಸಿ ವಿದ್ಯಾರ್ಥಿಗಳೂ ಕೆಲವು ಪಾಠಗಳನ್ನಾದರೂ ಒಂದೇ ಹಾಸಿಗೆಯ ಸುತ್ತ ನಿಂತು ಕಲಿಯಲಿ. ಪರಸ್ಪರ ಗೌರವ ಸುತ್ತೋಲೆಯಿಂದ ಹುಟ್ಟತಕ್ಕದ್ದಲ್ಲ. ಫಾರ್ಮಸಿಸ್ಟರು ತಾವು ಕಂಡುದನ್ನೂ ಸೂಚಿಸಿದುದನ್ನೂ ರೋಗಿಯ ಕಡತದಲ್ಲಿ ತಮ್ಮ ಸಹಿಯೊಡನೆ ಬರೆಯಲಿ. ಸಹಿಯಿಲ್ಲದ ಸಲಹೆಯಲ್ಲಿ ಹೊಣೆಯೂ ಇಲ್ಲ. ಕೊನೆಯದಾಗಿ ನಮ್ಮೆಲ್ಲರ ಕರ್ತವ್ಯವೊಂದುಂಟು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಕಷಾಯದ ಸೀಸೆಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗೋಣ. ಮಾತ್ರೆ ಕೊಟ್ಟವರನ್ನು ‘ಇದು ಯಾತಕ್ಕೆ, ಹೇಗೆ ತೆಗೆದುಕೊಳ್ಳಬೇಕು, ಯಾವಾಗ ಭಯಪಡಬೇಕು’ ಎಂದು ಸಂಕೋಚವಿಲ್ಲದೆ ಕೇಳೋಣ. ಕೇಳುವವರಿದ್ದಲ್ಲಿ ಹೇಳಬಲ್ಲವರನ್ನು ನೇಮಿಸುವುದು ಅನಿವಾರ್ಯವಾಗುತ್ತದೆ.

ಒಂದು ಆಸ್ಪತ್ರೆ ಎಷ್ಟು ಔಷಧವನ್ನು ಕೊಂಡಿತು, ಎಷ್ಟನ್ನು ಹಂಚಿತು ಎಂಬುದಕ್ಕೆ ನಮ್ಮ ಲೆಕ್ಕಪತ್ರಗಳಲ್ಲಿ ಬಿಡಿಕಾಸಿನವರೆಗೂ ಉತ್ತರವುಂಟು. ಹಂಚಿದ ಔಷಧ ಉಂಡವರಿಗೆ ಏನು ಮಾಡಿತೆಂಬ ಪ್ರಶ್ನೆಗೂ ಒಬ್ಬರು ಹೆಸರು ಹೇಳಿ, ಸಹಿ ಹಾಕಿ ಉತ್ತರ ಕೊಡುವ ದಿನ, ಚಿಕಿತ್ಸೆಯ ಎರಡನೆಯ ಪಾದ ನಮ್ಮ ನಾಡಿನಲ್ಲಿ ಭದ್ರವಾಗಿ ಊರಿತೆಂದು ಹೇಳಬಹುದು.